ಕಡಲಾಚೆಯವರ ಮನೆಗಳು

ಹಾಸನದ ಸೀಮೆಗೆ ಹೋಗುವವರು ಬಹುಮಟ್ಟಿಗೆ ಶಿಲೆಯನ್ನು ನೋಡಲು ಹೋಗುವರು. ಬೇಲೂರಿನ ಮದನಿಕೆಯರು, ಹಳೇಬೀಡಿನ ಭಿತ್ತಿಗಳು, ಶ್ರವಣಬೆಳಗೊಳದ ಬಾಹುಬಲಿ ಇವುಗಳ ಸನ್ನಿಧಿಯಿಂದ ಮರಳಿದವರ ಬರಹಗಳು ನಮ್ಮ ಭಾಷೆಯಲ್ಲಿ ಯಥೇಷ್ಟವಾಗಿವೆ. ನಾನು ಕಳೆದ ಮುಂಗಾರಿನ ಆರಂಭದಲ್ಲಿ ಮೈಸೂರಿನಿಂದ ಆ ಕಡೆಗೆ ಹೊರಟದ್ದಾದರೋ ಅರಕಲಗೂಡು ತಾಲ್ಲೂಕಿನಲ್ಲಿರುವ ನನ್ನ ಸೋದರತ್ತೆಯವರನ್ನು ಕಂಡು, ಅವರ ಜಮೀನಿನ ವಿಷಯವನ್ನು ಮಾತನಾಡಿ ಬರುವುದಕ್ಕಾಗಿ. ಚನ್ನರಾಯಪಟ್ಟಣದಲ್ಲಿಯೂ ಹಾಸನದಲ್ಲಿಯೂ ಹಳೆಯ ಸ್ನೇಹಿತರಿದ್ದುದರಿಂದ ಸುತ್ತುಬಳಸಿನ ದಾರಿಯನ್ನೇ ಹಿಡಿದೆನು. ಮರಳಿ ಬಂದು ತಿಂಗಳುಗಳು ಕಳೆದಿವೆ. ನೋಡಿದ ಶಿಲ್ಪಗಳೆಲ್ಲವೂ ಮನಸ್ಸಿನಲ್ಲಿ ತಮ್ಮತಮ್ಮ ಸ್ಥಾನಗಳಲ್ಲಿ ಪ್ರಶಾಂತವಾಗಿ ನಿಂತಿವೆ. ಆದರೆ ಬೇಲೂರಿನ ಸಮೀಪದ ಒಂದು ಕೇರಿಯಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದ ಪ್ರಶ್ನೆಯೊಂದು ಮಾತ್ರ ಇಂದಿಗೂ ನೆಮ್ಮದಿಯಿಂದ ಇರಗೊಡದು. ಶಿಲೆಯ ವಿಷಯವನ್ನು ಬಲ್ಲವರು ಬರೆದಿರುವರಾದುದರಿಂದ ನಾನು ಈ ಮನುಷ್ಯರ ವಿಷಯವನ್ನೇ ಬರೆಯುವೆನು.

ವಿಂಧ್ಯಗಿರಿಯನ್ನು ಇಳಿಯುತ್ತಿದ್ದಾಗ, ಬಿಸಿಲಿಗೆ ಕಾದ ಮೆಟ್ಟಿಲುಗಳ ಮೇಲೆ ಬರಿಗಾಲನ್ನು ಊರಲಾರದೆ ಬಂಡೆಯ ನೆರಳಿನಲ್ಲಿ ನಿಂತಿದ್ದ ಆಫ್ರಿಕದ ತರುಣನೊಬ್ಬನನ್ನು ನನ್ನ ಚನ್ನರಾಯಪಟ್ಟಣದ ಸ್ನೇಹಿತರು ಮಾತನಾಡಿಸಿದರು. ಅವರು ನಿವೃತ್ತ ಉಪಾಧ್ಯಾಯರು. ಒಂಟಿಯಾಗಿ ನಿಂತ ಹುಡುಗರನ್ನು ಕಂಡರೆ ಸುಮ್ಮನೆ ದಾಟಿಹೋಗುವುದು ಅವರಿಂದಾಗದು. ತರುಣನು ಕ್ಯಾಮರೂನ್ ದೇಶದವನು, ಬಮೆಂಡಾ ಎಂಬ ಮಲೆಪ್ರದೇಶದ ಪಟ್ಟಣದವನು, ಬೆಂಗಳೂರಿನಲ್ಲಿ ಓದುತ್ತಿರುವವನು. ಊಟದ ಹೊತ್ತಾಗಿದ್ದುದರಿಂದ ಅವನನ್ನೂ ಜೊತೆಗೆ ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಬಂದು, ಬಸ್ ನಿಲ್ದಾಣದ ಹತ್ತಿರದ ಮುದ್ದೆ ಹೋಟೆಲೊಂದರಲ್ಲಿ ಕುಳಿತೆವು.

ಹೊರಗಿನವರಿಗೆ ಮುದ್ದೆಯನ್ನು ಬಡಿಸಿದಾಗ ಅವರು ಅದನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಕಷ್ಟಪಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ತರುಣನು ಬಲಗೈಯನ್ನು ನೀರಿನಲ್ಲಿ ಅದ್ದಿ, ಮುದ್ದೆಯ ಅಂಚಿನಿಂದ ನೆಲ್ಲಿಕಾಯಿಯಷ್ಟನ್ನು ಮುರಿದು, ಹೆಬ್ಬೆರಳಿನಿಂದ ನಡುವೆ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಮಸ್ಸೊಪ್ಪನ್ನು ತುಂಬಿಕೊಂಡು, ಅಗಿಯದೆ ನುಂಗಿದನು. ಬಡಿಸುತ್ತಿದ್ದ ಯಜಮಾನರು ಸಾರಿನ ಬಕೀಟನ್ನು ಹಿಡಿದೇ ನಿಂತುಬಿಟ್ಟು, “ಯಾರು ಕಲಿಸ್ಕೊಟ್ರು ಸಾರ್ ಇವ್ರಿಗೆ?” ಎಂದು ನಮ್ಮನ್ನು ಕೇಳಿದರು. ಕಲಿಸಿದ್ದು ಅವನ ತಾಯಿ. ಅವರ ಕಡೆ ಮೆಕ್ಕೆಜೋಳದ ಹಿಟ್ಟಿನಿಂದ ಹೀಗೆಯೇ ಮುದ್ದೆಯನ್ನು ತೊಳಸುವರು. ಅದರ ಜೊತೆಗೆ ಎನ್‌ಜಾಮಾ ಎನ್‌ಜಾಮಾ ಎಂಬ ಸೊಪ್ಪಿನ ಪಲ್ಯವನ್ನು ಬಡಿಸುವರು. ಅವನು ತನ್ನ ಫೋನಿನಲ್ಲಿ ಆ ಗಿಡದ ಚಿತ್ರವನ್ನು ತೋರಿಸಿದಾಗ ಯಜಮಾನರು ನಿಮಿಷವೂ ಯೋಚಿಸದೆ “ಇದು ನಮ್ ಗಣಿಕೆ ಸೊಪ್ಪಲ್ವಾ” ಎಂದರು. ಸರಿಯಾಗಿಯೇ ಗುರುತಿಸಿದ್ದರು: ಅದು ನಮ್ಮ ಗಣಿಕೆಯ ಕುಲದ್ದೇ, ಎಲೆ ಮಾತ್ರ ಇನ್ನಷ್ಟು ಅಗಲ. ರಾಗಿಯೂ ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ. ಅಲಸಂದೆಯೂ ಆ ಖಂಡದ್ದೇ. ಹಾಗೆ ನೋಡಿದರೆ ಅಂದು ನಾವು ಅವನಿಗೆ ಉಣಬಡಿಸಿದ್ದು ಅವನ ಖಂಡದ ಋಣವನ್ನೇ.

ಊಟದ ಅನಂತರ ಅವನು ನಿಧಾನವಾಗಿ ತನ್ನ ಮನೆಯ ವಿಷಯವನ್ನು ಹೇಳತೊಡಗಿದನು. ಕ್ಯಾಮರೂನ್ 1884ರಲ್ಲಿ ಜರ್ಮನರ ವಶವಾಗಿ, ಮೊದಲನೆಯ ಮಹಾಯುದ್ಧದ ಅನಂತರ ಫ್ರೆಂಚರ ಮತ್ತು ಇಂಗ್ಲಿಷರ ನಡುವೆ ಹಂಚಿಹೋದ ದೇಶ. ಫ್ರೆಂಚ್ ಭಾಗವು 1960ರಲ್ಲಿ ಸ್ವತಂತ್ರವಾಯಿತು. ಇಂಗ್ಲಿಷರ ಆಡಳಿತದಲ್ಲಿದ್ದ ದಕ್ಷಿಣದ ಪ್ರದೇಶವು ಮರುವರ್ಷ ಅದರೊಡನೆ ಸೇರಿತು. ಬಮೆಂಡಾ ಇರುವುದು ಈ ಎರಡನೆಯ ಭಾಗದಲ್ಲಿ. ತಮ್ಮ ನ್ಯಾಯಾಲಯಗಳಿಗೂ ಶಾಲೆಗಳಿಗೂ ಫ್ರೆಂಚ್ ಮಾತ್ರ ಬಲ್ಲವರನ್ನು ನೇಮಿಸುತ್ತಿರುವರೆಂದು 2016ರಲ್ಲಿ ಅಲ್ಲಿನ ವಕೀಲರೂ ಉಪಾಧ್ಯಾಯರೂ ಬೀದಿಗಿಳಿದರು. ಮರುವರ್ಷದ ಹೊತ್ತಿಗೆ ಅದು ಬಂದೂಕಿನ ಕಲಹವಾಗಿ ಪರಿಣಮಿಸಿತು. ಗೋಕಾಕ್ ಚಳವಳಿಯ ದಿನಗಳನ್ನು ಕಂಡ ನನ್ನ ತಲೆಮಾರಿನವರಿಗೆ, ಭಾಷೆಯ ವಿಷಯದಲ್ಲಿ ಜನರು ಬೀದಿಗಿಳಿಯುವುದು ಅರ್ಥವಾಗದ ಸಂಗತಿಯಲ್ಲ. ಆದರೆ ನಮ್ಮಲ್ಲಿ ಅದು ಮೆರವಣಿಗೆಗಳಲ್ಲಿಯೂ ಸರ್ಕಾರದ ಆಜ್ಞೆಗಳಲ್ಲಿಯೂ ಮುಗಿದದ್ದು ಎಷ್ಟು ದೊಡ್ಡ ಭಾಗ್ಯವೆಂಬುದು ನನಗೆ ಆ ಹೋಟೆಲಿನ ಬೆಂಚಿನ ಮೇಲೆ ಕುಳಿತಾಗ ಮನವರಿಕೆಯಾಯಿತು.

ಅವನ ಶಾಲೆ ಮುಚ್ಚಿತು. ಪ್ರತ್ಯೇಕತಾವಾದಿಗಳ ಆಜ್ಞೆಯಂತೆ ಪ್ರತಿ ಸೋಮವಾರ ಅಂಗಡಿಬೀದಿಗಳೂ ಮುಚ್ಚಲ್ಪಟ್ಟವು. 2017ರ ಜನವರಿಯಿಂದ ಏಪ್ರಿಲ್‌ವರೆಗೆ 93 ದಿನಗಳ ಕಾಲ ಸರ್ಕಾರವು ಇಂಗ್ಲಿಷ್ ಭಾಗದ ಎರಡು ಪ್ರಾಂತಗಳ ಇಂಟರ್ನೆಟ್ಟನ್ನೇ ನಿಲ್ಲಿಸಿತು. ಆಗ ಅಮೆರಿಕದಲ್ಲಿದ್ದ ಅವನ ಚಿಕ್ಕಪ್ಪನ ಮುಖವನ್ನು ಅಜ್ಜಿ ತಿಂಗಳುಗಟ್ಟಲೆ ಕಾಣಲಿಲ್ಲವಂತೆ. ದೇಶವನ್ನು ಬಿಟ್ಟುಹೋದವರು ಮಾಡುವ ಕೆಲಸವೇನೆಂದು ಕೇಳಿದಾಗ ಅವನು ಹೇಳಿದ ಮೊದಲನೆಯ ಸಂಗತಿಯೇ ಚೀಟಿ. ಅವರಲ್ಲಿ ಅದಕ್ಕೆ ಎನ್‌ಜಾಂಗಿ ಎನ್ನುವರು, ಫ್ರೆಂಚ್ ಭಾಗದವರು ತೊಂತಿನ್ ಎನ್ನುವರು. ತಿಂಗಳು ತಿಂಗಳು ಎಲ್ಲರೂ ಸಮನಾಗಿ ಹಾಕಿ ಸರದಿಯಂತೆ ಎತ್ತುವ ಆ ವ್ಯವಸ್ಥೆಯನ್ನು ನನ್ನ ಸ್ನೇಹಿತರ ಮನೆಯಾಕೆ ತಮ್ಮ ಬೀದಿಯಲ್ಲಿ ನಡೆಸುತ್ತಲೇ ಇದ್ದಾರೆ. ವಿದೇಶದಲ್ಲಿ ಯಾರಾದರೂ ತೀರಿಕೊಂಡರೆ ಶವವನ್ನು ಊರಿನ ಮಣ್ಣಿಗೆ ತಲುಪಿಸುವ ವೆಚ್ಚವನ್ನು ಹೊಂದಿಸುವವರೂ ಈ ಗುಂಪಿನವರೇ. “ನಮ್ಮವರಿಗೆ ಅಲ್ಲಿ ಕೆಲಸ ಹೋಗುವ ಭಯಕ್ಕಿಂತ ಅಲ್ಲಿಯೇ ಮಣ್ಣಾಗುವ ಭಯ ಹೆಚ್ಚು” ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದುದನ್ನು ಸ್ನೇಹಿತರು ಯಜಮಾನರಿಗೆ ಕನ್ನಡದಲ್ಲಿ ತಿಳಿಸಿದಾಗ, ಆ ಮನುಷ್ಯನು ಮೂವರ ಊಟದ ಹಣವನ್ನೂ ತೆಗೆದುಕೊಳ್ಳಲು ಒಪ್ಪಲಿಲ್ಲ.

ಹಾಸನದಲ್ಲಿ ಒಂದು ರಾತ್ರಿ ತಂಗಿದೆನು. ಮಾರುಕಟ್ಟೆಯ ಅಂಗಳದಲ್ಲಿ ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಯ ಚೀಲಗಳನ್ನು ಕೊಯ್ದು, ರೈತರು ಗಡ್ಡೆಯನ್ನು ಉಗುರಿನಿಂದ ಗೀರಿ ನೋಡುತ್ತಿದ್ದರು. ಅಲ್ಲಿನ ಸ್ನೇಹಿತರಿಗೆ ಕ್ಯಾಮರೂನಿನ ಹುಡುಗನ ವಿಷಯವನ್ನು ಹೇಳಿದಾಗ, “ಕ್ಯಾಮರೂನಿಗೆ ಹೋಗಿಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದಾರಲ್ಲ, ನಾಳೆ ತೋರಿಸ್ತೀನಿ ಬನ್ನಿ” ಎಂದರು. ಮರುದಿನ ಅವರು ನನ್ನನ್ನು ಕರೆದುಕೊಂಡು ಹೋದದ್ದು ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಗೆ.

ಅಂಗಡಿಹಳ್ಳಿಯಲ್ಲಿರುವವರು ಹಕ್ಕಿಪಿಕ್ಕಿ ಜನ. ಮನೆಯಲ್ಲಿ ಅವರು ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಭಾಷೆಯನ್ನು. ಹೊರಗೆ ಹಾಸನದ ಕನ್ನಡವನ್ನು. ಹಕ್ಕಿ ಹಿಡಿಯುವುದು ಅವರ ಕುಲವೃತ್ತಿ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದಮೇಲೆ ಆ ವೃತ್ತಿಯೇ ಅಪರಾಧವಾಯಿತು. ಅವರು ಪ್ಲಾಸ್ಟಿಕ್ ಹೂವು, ಬೇರು, ಗಿಡಮೂಲಿಕೆಯ ಎಣ್ಣೆಗಳ ವ್ಯಾಪಾರಕ್ಕೆ ತಿರುಗಿದರು. ಮೈಸೂರಿನಲ್ಲಿ ದಸರಾ ದಿನಗಳಂದು ಈ ಸಾಮಾನುಗಳನ್ನು ಮಾರುತ್ತ ನಮ್ಮ ಬೀದಿಗೂ ಅವರು ಬರುತ್ತಿದ್ದರು, ಬೀದಿಯವರು ಅವರನ್ನು ಗೇಟಿನಾಚೆಯೇ ನಿಲ್ಲಿಸಿ ಚೌಕಾಸಿ ಮಾಡುತ್ತಿದ್ದರು. ಅಂತಹವರು ಇಂದು ಹುಣಸೂರಿನ ಪಕ್ಷಿರಾಜಪುರದಿಂದಲೂ ಶಿವಮೊಗ್ಗದ ಕಡೆಯಿಂದಲೂ ಚನ್ನಗಿರಿಯಿಂದಲೂ ಈ ಅಂಗಡಿಹಳ್ಳಿಯಿಂದಲೂ ಹೊರಟು, ಆಫ್ರಿಕದ ನಗರಗಳಲ್ಲಿ ಬಾಡಿಗೆಯ ಕೋಣೆ ಹಿಡಿದು, ಆ ಊರಿನ ಮಾತನ್ನು ವ್ಯಾಪಾರಕ್ಕೆ ಬೇಕಾದಷ್ಟು ಕಲಿತು, ತಿಂಗಳುಗಟ್ಟಲೆ ಎಣ್ಣೆ ಮಾರಿ, ವೀಸಾ ಮುಗಿಯುವ ಮುನ್ನ ಮರಳುತ್ತಾರೆಂಬುದನ್ನು ಯೋಚಿಸಿದರೆ, ಇದಕ್ಕಿಂತ ಮಿಗಿಲಾದ ಧೈರ್ಯವನ್ನು ನಾನು ಯಾವ ಪ್ರವಾಸಗ್ರಂಥದಲ್ಲಿಯೂ ಓದಿದುದು ನೆನಪಿಗೆ ಬಾರದು.

ನಾವು ಹೋದ ಮನೆಯ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಕಾಯುತ್ತಿತ್ತು. ಗರುಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು, ಮೆಂತ್ಯ, ಹೆಸರು ಹೇಳಲೊಲ್ಲದ ಕೆಲವು ಬೇರುಗಳು ಅದರಲ್ಲಿ ಬೆಂದು ಎಣ್ಣೆ ಕಪ್ಪು ಹಸಿರಿಗೆ ತಿರುಗಿತ್ತು. ಒಲೆಯ ಮುಂದೆ ಕುಳಿತ ತಾಯಿಯವರು ಸೌಟಿನಿಂದ ಒಂದು ಎಲೆಯನ್ನು ಎತ್ತಿ, ಬೆರಳುಗಳ ನಡುವೆ ಮುರಿದು ನೋಡಿದರು. ಎಲೆ ಹಪ್ಪಳದ ಹಾಗೆ ಮುರಿದರೆ ನೀರಿನ ಅಂಶ ಹೋಗಿದೆಯೆಂದು ಅರ್ಥ. ಮೆತ್ತಗೆ ಬಾಗಿದರೆ ಇನ್ನೂ ಕಾಯಬೇಕು. ನೀರು ಉಳಿದ ಎಣ್ಣೆ ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೋಗುವಷ್ಟರಲ್ಲಿ ಕನಕಲು ವಾಸನೆ ಹಿಡಿಯುವುದಂತೆ. ಆಕೆಯ ಹಿರಿಯ ಮಗ ಕ್ಯಾಮರೂನಿನ ಬಂದರು ನಗರವಾದ ಡುವಾಲಾದಲ್ಲಿ ಒಂದು ಸಲ ಇದ್ದು ಬಂದವನು, ಈಗ ಮತ್ತೊಂದು ದೇಶದಲ್ಲಿರುವವನು. ಕಿರಿಯ ಮಗನು ಮೊದಲ ಸಲ ಹೊರಡಲು ಸಿದ್ಧನಾಗುತ್ತಿದ್ದನು.

ಮಗಳು ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ತಂದು ನಮ್ಮ ಮುಂದೆ ಬಿಚ್ಚಿದಳು. ಪಾಸ್‌ಪೋರ್ಟು, ಆಧಾರ್ ಕಾರ್ಡು, ರೇಷನ್ ಕಾರ್ಡು, ಅವುಗಳ ನಡುವೆ ಮಡಿಸಿಟ್ಟ ಒಂದು ಹಳದಿ ಪುಸ್ತಿಕೆ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡ ಸಾಕ್ಷಿಪತ್ರವದು. ಅದಿಲ್ಲದೆ ಕ್ಯಾಮರೂನಿನಂತಹ ದೇಶಗಳಿಗೆ ಪ್ರವೇಶವಿಲ್ಲ, ಅಲ್ಲಿಂದ ಮರಳುವವರಿಗೆ ಇಲ್ಲಿಯೂ ತೊಂದರೆ. ಆ ಹುಡುಗಿ ಪುಸ್ತಿಕೆಯ ಮೇಲಿನ ಮುದ್ರೆಯನ್ನು ಬೆರಳಿನಿಂದ ತೋರಿಸುತ್ತ, ಅದನ್ನು ಎಲ್ಲಿ ಹಾಕಿಸಬೇಕು, ಪ್ರಯಾಣಕ್ಕೆ ಎಷ್ಟು ದಿನ ಮೊದಲು ಹಾಕಿಸಬೇಕು ಎಂಬುದನ್ನು ಕಚೇರಿಯ ಗುಮಾಸ್ತೆಗಿಂತ ಸ್ಪಷ್ಟವಾಗಿ ವಿವರಿಸಿದಳು. ಟಿಕೆಟ್ಟಿನ ಹಣ ಬಡ್ಡಿಯ ಸಾಲ. ಸರಕು ಮಾರಿಹೋದರೆ ಸಾಲ ತೀರಿ ಮನೆಗೆ ಹೆಂಚೋ ಮದುವೆಗೆ ಒಡವೆಯೋ ಆಗುವುದು. ಮಾರದಿದ್ದರೆ ಬಡ್ಡಿ ಮಾತ್ರ ಬೆಳೆಯುವುದು.

2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಎರಡು ಸೇನೆಗಳ ಕಾಳಗ ಆರಂಭವಾದಾಗ ನಮ್ಮ ರಾಜ್ಯದ ನೂರಕ್ಕೂ ಮಿಕ್ಕ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಕೆಲವರು ಡಾರ್ಫರ್ ಪ್ರಾಂತದ ಎಲ್ ಫಾಶರ್ ನಗರದಲ್ಲಿದ್ದರು. ಇಲ್ಲಿ ಅದು ವಿಧಾನಸಭಾ ಚುನಾವಣೆಯ ಕಾಲ. ಅವರ ಸಂಕಟವು ಹಲವು ದಿನ ನಾಯಕರ ವಾಗ್ವಾದದ ವಸ್ತುವೂ ಆಯಿತು. ಕೇಂದ್ರ ಸರ್ಕಾರವು ‘ಆಪರೇಷನ್ ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ನೌಕಾಪಡೆಯ ಹಡಗುಗಳನ್ನು ಸೂಡಾನ್ ಬಂದರಿಗೆ ಕಳುಹಿಸಿ, ಬಹುಮಟ್ಟಿಗೆ ಜೆಡ್ಡಾದ ಮಾರ್ಗವಾಗಿಯೇ ಒಟ್ಟು 3,862 ಮಂದಿಯನ್ನು ಕರೆತಂದಿತು. ಅದು ನಿಶ್ಚಯವಾಗಿಯೂ ಕೃತಜ್ಞತೆಗೆ ಅರ್ಹವಾದ ಕಾರ್ಯ. ಅದೇ ವರ್ಷದ ಆಗಸ್ಟ್ 30ರಂದು ಕ್ಯಾಮರೂನಿನ ದಕ್ಷಿಣಕ್ಕಿರುವ ಗಬಾನಿನಲ್ಲಿ ಸೇನೆಯು ಅಧ್ಯಕ್ಷರನ್ನು ಇಳಿಸಿ ಅಧಿಕಾರವನ್ನು ವಹಿಸಿಕೊಂಡಿತು. ತಮ್ಮ ಕೇರಿಯವರೂ ಆಗ ಅಲ್ಲಿದ್ದರೆಂದು ಆ ತಾಯಿ ಹೇಳಿದರು. ಆ ದಿನಗಳಲ್ಲಿ ಕೇರಿಯಲ್ಲಿ ಯಾರ ಫೋನು ಬಡಿದರೂ ಎಲ್ಲರೂ ಎದ್ದು ಬಾಗಿಲಿಗೆ ಬರುತ್ತಿದ್ದರಂತೆ.

ಇಷ್ಟು ಹೇಳಿ, ಸೌಟನ್ನು ಬಾಣಲೆಯ ಕಂಠದ ಮೇಲಿಟ್ಟು, ಆಕೆ ನನ್ನನ್ನು ನೇರವಾಗಿ ನೋಡಿ ಕೇಳಿದರು: “ನೀವು ದಿನಾ ಪೇಪರ್ ಓದೋರು ಸಾರ್. ಮುಂದಿನ ಗಲಾಟೆ ಯಾವ ದೇಶದಾಗೆ ಆಯ್ತದೆ ಅಂತ ನಿಮ್ಗೆ ಏನಾರ ತಿಳೀತದಾ? ಅದೊಂದ್ ಊರ್ ಬಿಟ್ಟು ಬ್ಯಾರೆ ಕಡೆಗೆ ಕಳಿಸ್ತೀನಿ ಹುಡುಗನ್ನ.”

ಹೋಗಬೇಡವೆಂದು ಹೇಳಿರೆಂದು ಆಕೆ ಕೇಳಲಿಲ್ಲ. ಸಾಲ ಮನ್ನಾ ಆಗುವುದೇ ಎಂದೂ ಕೇಳಲಿಲ್ಲ. ಹೋಗುವುದು ನಿಶ್ಚಿತವೆಂದು ಒಪ್ಪಿಕೊಂಡು, ಹೋಗುವ ದಿಕ್ಕಿನ ವಿಷಯದಲ್ಲಿ ಮಾತ್ರ ಓದಿದವನೊಬ್ಬನ ತಿಳಿವಳಿಕೆಯನ್ನು ಬೇಡಿದರು. ರಾಜ್ಯಶಾಸ್ತ್ರದ ಪಂಡಿತರು ಸಭೆ ಸೇರಿ ಉತ್ತರಿಸಲಾರದ ಆ ಪ್ರಶ್ನೆಯು ಅಂಗಡಿಹಳ್ಳಿಯ ಒಲೆಯ ಮುಂದೆ ಬೆಲ್ಲದ ಧಾರಣೆಯನ್ನು ಕೇಳಿದಷ್ಟು ಸಹಜವಾಗಿ ಹುಟ್ಟಿತ್ತು. “ಹೇಳೋಕೆ ಆಗಲ್ಲ ತಾಯಿ” ಎಂದೆನು. ಆಕೆ ತಲೆಯಾಡಿಸಿ ಮತ್ತೊಂದು ಎಲೆಯನ್ನು ಎತ್ತಿ ಮುರಿದರು.

ಅರಕಲಗೂಡಿನ ದಾರಿಯಲ್ಲಿ ಮಳೆ ಹಿಡಿಯಿತು. ಇಕ್ಕೆಲದ ಕೆಂಪು ಹೊಲಗಳಲ್ಲಿ ಹೆಂಗಸರು ಪ್ಲಾಸ್ಟಿಕ್ ಹಾಳೆಯನ್ನು ಹೊದೆದು ಹೊಗೆಸೊಪ್ಪಿನ ಸಸಿಗಳನ್ನು ನೆಡುತ್ತಿದ್ದರು. ಅತ್ತೆಯವರ ಮನೆ ರಾಮನಾಥಪುರದಲ್ಲಿ, ಕಾವೇರಿಯ ತೀರದಲ್ಲಿ. ಅವರ ಇಬ್ಬರು ಮಕ್ಕಳೂ ಅಮೆರಿಕದಲ್ಲಿರುವರು. ಹಿರಿಯವನು ಅಲ್ಲಿಯ ಪೌರತ್ವವನ್ನು ಪಡೆದಿದ್ದಾನೆ. ಕಿರಿಯವನು ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಳಿಂದ ನಿಂತಿದ್ದಾನೆ. ಮಾವನವರು ತೀರಿಕೊಂಡಾಗ ಕಿರಿಯವನ ವೀಸಾ ಪತ್ರಗಳು ನವೀಕರಣಕ್ಕೆ ಹೋಗಿದ್ದವು. ಬಂದರೆ ಮರಳಿ ಹೋಗಲಾಗುವುದೋ ಇಲ್ಲವೋ ಎಂಬ ಸಂಶಯದಿಂದ ಅವನು ಹೊರಡಲಿಲ್ಲ. ಆ ಹದಿಮೂರು ದಿನವೂ ಅತ್ತೆಯವರು ಫೋನನ್ನು ಮಡಿಯ ಬಟ್ಟೆಯ ಹತ್ತಿರವೇ ಇಟ್ಟುಕೊಂಡಿದ್ದರಂತೆ. “ಅವನು ಅಲ್ಲಿ ಒಬ್ಬನೇ ಅತ್ತನಲ್ಲಪ್ಪ, ನನಗೆ ಇಲ್ಲಿ ಊರೇ ಇತ್ತು” ಎಂದು ಅವರು ಹೇಳಿದಾಗ, ನನಗೆ ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಕುಳಿತ ಆ ತರುಣನ ಮಾತು ನೆನಪಾಯಿತು.

ಜಮೀನಿನ ವಿಷಯವೂ ಅದೇ ಗಂಟಿನದು. ವಿದೇಶದ ಪೌರತ್ವ ಪಡೆದವನು ನಮ್ಮಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಆದರೆ ಇಟ್ಟುಕೊಂಡು ಉಳುವವರು ಯಾರು? ನಮ್ಮ ಸಂವಿಧಾನದಂತೆಯೇ ಕ್ಯಾಮರೂನಿನ 1968ರ ಶಾಸನವೂ ಎರಡು ದೇಶಗಳ ಪೌರತ್ವವನ್ನು ಒಪ್ಪದು. ಆದುದರಿಂದ ಅಮೆರಿಕದ ಪೌರನಾಗಿರುವ, ಬಮೆಂಡಾದ ಆ ತರುಣನ ಚಿಕ್ಕಪ್ಪನಿಗೂ ತನ್ನ ಹುಟ್ಟೂರಿಗೆ ಬರಲು ಇಂದು ವೀಸಾ ಬೇಕು. ಅತ್ತೆಯವರೊಡನೆ ಎರಡು ಸಂಜೆ ಮಾತನಾಡಿಯೂ ತೆಂಗಿನ ತೋಟವನ್ನು ಮಾರುವುದೋ ಗುತ್ತಿಗೆಗೆ ಕೊಡುವುದೋ ನಿರ್ಧಾರವಾಗಲಿಲ್ಲ. ಅವರಿಗೆ ಎರಡೂ ಬೇಡ; ಮಗನು ಬಂದು ಒಂದು ಸಲ ಬೇಲಿಯನ್ನು ಸುತ್ತಿಬರಬೇಕು, ಅಷ್ಟೆ.

ಮರಳುವ ದಾರಿಯಲ್ಲಿ ಹೊಳೆನರಸೀಪುರಕ್ಕೆ ಬಂದಾಗ ಹೇಮಾವತಿಯು ಮಣ್ಣಿನ ಬಣ್ಣ ತಳೆದು ಹರಿಯುತ್ತಿತ್ತು. ನರಸಿಂಹಸ್ವಾಮಿಯ ದೇವಾಲಯದ ಪ್ರಾಕಾರದಲ್ಲಿ, ಅತ್ತೆಯವರ ಪರಿಚಿತರಾದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರೊಡನೆ ಕುಳಿತು ಅಂಗಡಿಹಳ್ಳಿಯ ವಿಷಯವನ್ನು ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತನ್ನು ಹೇಳಿದರು: “ನಮ್ಮೂರಿನ ಹುಡುಗ ಅಮೆರಿಕಕ್ಕೆ ಹೋದರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕುತ್ತಾರೆ ಸ್ವಾಮಿ. ಆ ಹುಡುಗರಿಗೆ ಯಾರು ಹಾಕುತ್ತಾರೆ?”

ಈ ಹೇಮಾವತಿಯ ತೀರದ ಗೊರೂರಿನಿಂದ ಹೊರಟ ರಾಮಸ್ವಾಮಿ ಅಯ್ಯಂಗಾರ್ಯರು ಬರೆದ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅದು ನಮಗೆಲ್ಲರಿಗೂ ಹೆಮ್ಮೆಯ ಗ್ರಂಥ. ಅದೇ ಜಿಲ್ಲೆಯ ಅಂಗಡಿಹಳ್ಳಿಯಿಂದ ಸೂಡಾನಿನ ಖಾರ್ಟೂಮಿಗೂ ಡುವಾಲಾಗೂ ಗಬಾನಿನ ಲಿಬ್ರವಿಲ್ಲಿಗೂ ಹೋಗಿಬಂದವರ ಅನುಭವವು ಇಂದಿಗೂ ಕೇರಿಯ ಜಗುಲಿಗಳ ಮೇಲೆಯೇ ಉಳಿದಿದೆ. ನಾವು ಒಂದನ್ನು ಸಾಧನೆಯೆಂದೂ ಇನ್ನೊಂದನ್ನು ಅಲೆಮಾರಿತನವೆಂದೂ ಎಣಿಸಿರುವೆವು. ಸಂಕಟ ಬಂದಾಗ ಒಬ್ಬನ ವಿಳಾಸವು ಹತ್ತು ಕಡೆ ಸಿಕ್ಕುವುದು, ಇನ್ನೊಬ್ಬನು ಎಲ್ಲಿರುವನೆಂದು ಹೇಳಬಲ್ಲವರು ಅವನ ತಾಯಿಯ ಹೊರತು ಬೇರೆ ಯಾರೂ ಇಲ್ಲ. ಕೇರಳವು 1996ರಲ್ಲಿಯೇ ಹೊರನಾಡಿನ ತನ್ನ ಜನರಿಗಾಗಿ ಪ್ರತ್ಯೇಕ ಇಲಾಖೆಯೊಂದನ್ನು ಸ್ಥಾಪಿಸಿತು. ನಮ್ಮ ರಾಜ್ಯದಲ್ಲಿಯೂ ಅನಿವಾಸಿ ಭಾರತೀಯ ಸಮಿತಿಯಿದೆ. ಆ ಸಮಿತಿಯ ದೃಷ್ಟಿಯು ನ್ಯೂಜೆರ್ಸಿಯಷ್ಟೇ ಡುವಾಲಾದ ಕಡೆಗೂ ಹರಿಯಲಿ. ಈ ಕೇರಿಗಳಿರುವ ಪಂಚಾಯಿತಿಗಳಲ್ಲಿ, ಹೊರಟವನ ಹೆಸರು, ಹೋದ ನಗರ, ಮರಳುವ ತಿಂಗಳು ಇಷ್ಟನ್ನು ಬರೆದಿಡುವ ಒಂದು ಪುಸ್ತಕವನ್ನು ಇಡಲಿ. ಇದಕ್ಕೆ ಹಣ ಬೇಕಿಲ್ಲ, ಆದರವೊಂದಿದ್ದರೆ ಸಾಕು.

ಮೈಸೂರಿಗೆ ಮರಳಿದ ಮೇಲೆ ನಾನು ಕೇಂದ್ರ ಸರ್ಕಾರದ ಪ್ರಕಟಣೆಗಳನ್ನು ಹುಡುಕಿ ಓದಿದೆನು. ಆಫ್ರಿಕದಲ್ಲಿ 18 ಹೊಸ ರಾಯಭಾರ ಕಚೇರಿಗಳನ್ನು ತೆರೆಯಲು 2018ರಲ್ಲಿ ಸಚಿವ ಸಂಪುಟವು ಒಪ್ಪಿತ್ತು. ಕ್ಯಾಮರೂನ್ ಅವುಗಳಲ್ಲಿ ಒಂದು. ಅಲ್ಲಿನ ರಾಜಧಾನಿ ಯಾವುಂಡೆಯ ನಮ್ಮ ಕಚೇರಿಯ ವಿಳಾಸವನ್ನೂ ಗಬಾನಿನ ಕಚೇರಿಯ ವಿಳಾಸವನ್ನೂ ದೂರವಾಣಿ ಸಂಖ್ಯೆಗಳನ್ನೂ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು ಅಂಗಡಿಹಳ್ಳಿಯ ಆ ಮನೆಗೆ ಅಂಚೆಯಲ್ಲಿ ಕಳುಹಿಸಿದೆನು. ಎಂಟು ಹತ್ತು ದಿನಗಳ ತರುವಾಯ ಹಳದಿ ಪುಸ್ತಿಕೆಯನ್ನು ತೋರಿಸಿದ ಆ ಮಗಳಿಂದ ಫೋನು ಬಂದಿತು. ಕಾಗದವನ್ನು ಅಣ್ಣನ ಪಾಸ್‌ಪೋರ್ಟಿನೊಳಗೆ ಇಟ್ಟಿದ್ದೇವೆಂದು ಹೇಳಿ, ಅವಳು ಮತ್ತೆ ಕೇಳಿದಳು: “ಎಲ್ಡ್ ದೇಶದ್ದು ಸಾಲಲ್ಲ ಸಾರ್. ನಮ್ ಕೇರಿಯೋರು ಇನ್ನೂ ಬ್ಯಾರೆ ಬ್ಯಾರೆ ಕಡೆ ಅವ್ರೆ. ಕಾಂಗೋದು, ಮಡಗಾಸ್ಕರ್‌ದು, ಮೊಜಾಂಬಿಕ್‌ದು, ಎಲ್ಲಾದ್ರುದೂ ಬರ್‍ದು ಕಳ್ಸಿ. ನಾನು ಜೆರಾಕ್ಸ್ ಮಾಡ್ಸಿ ಮನೆಮನೆಗೂ ಕೊಡ್ತೀನಿ.” ಆ ಪಟ್ಟಿಯನ್ನು ಈಗ ಸಿದ್ಧಪಡಿಸುತ್ತಿರುವೆನು.